ಎಡಗಡೆ ಸ್ಪ್ರಿಂಗು

ಕೆರೆ ದಿನಾ ಸಂಜೆ ಈಗ ಮನೆಗಳೆದ್ದಿರುವ ತನ್ನ ಹಳೇ ಜಾಗಕ್ಕೆ ವಾಪಸ್ ಬರತೊಡಗಿದ ಮೇಲೆ, ಬಡಾವಣೆಯವರೆಲ್ಲ ಕತ್ತಲಾಗುವ ಮುಂಚೆ ನೀರು ನುಗ್ಗದಂತೆ ಕಾರ್ ಶೆಡ್ಡಿನ ಶಟರ್ ಎಳೆದು ಒಳಗೆ ಕೂರುತ್ತಾರೆ. ಬೆಳಿಗ್ಗೆ ಮೀನು ಗುಡಿಸಿ ರಂಗೋಲಿ ಹಾಕುತ್ತಾರೆ.

ಇವತ್ತು ವನಮಾಲಾಳ ಮನೆಯ ಶಟರ್ ಅರ್ಧಕ್ಕೇ ನಿಂತಿತು. ಎಡಗಡೆ ಸ್ಪ್ರಿಂಗು ಮುರಿದಿತ್ತು. ಗುಜರಿ ಅಂಗಡಿಗೆ ಓಡಿದಳು.

“ಹಳೇ ಮಾಡಲ್ಲು ಅಕ್ಕಾ. ಮುಳುಗಿದ ಮನೆಗಳಿಂದ ಬಿಚ್ಚಿ ತಂದಿದ್ದೆಲ್ಲ ಮುಗೀತು,” ಎಂದ ಅಂಗಡಿಯ ಬಾಬಾಜಾನ್.

“ಹಂಗನ್ಬೇಡಪ್ಪಾ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ನಮಗೆ ಮಹಡೀನೂ ಇಲ್ಲ.”

“ಈ ಮಾಡಲ್ಲು ಉಳಿದಿರೋದು ಎರಡೇ ಮನೇಲಿ. ನಿಮ್ದು, ಹಿಂದಿನ ರಸ್ತೆ ಸುಕನ್ಯಾ ಮೇಡಮ್ದು.”

“ಅವರ ಎಡಗಡೇದು ಹೆಂಗಿದೆ?”

“ಕಲ್ಲಿದ್ದಂಗಿದೆ. ಬಲಗಡೇದೇ ಬಿರುಕು ಬಿಟ್ಟಿದೆ. ಆಗಲೇ ಬಂದು, ನಿಮ್ಮ ಬಲಗಡೇದು ಹೆಂಗಿದೆ ಅಂತ ಕೇಳಿದ್ರು.”

“ನೀನೇನಂದೆ?”

“ಚೆನ್ನಾಗಿದೆ ಅಂದೆ. ಸುಳ್ಳು ಹೇಳಕ್ಕಾಗತ್ತಾ?”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸುಕನ್ಯಾಳ ದನಿ ಬೆಲ್ಲದಂತಿತ್ತು.

“ವನಮಾಲಕ್ಕಾ, ಅಂಗಡಿ ಕಡೆ ಹೋದ್ರಂತೆ? ಪಾಪ, ಅತ್ತೆಯವರು ಒಬ್ಬರೇ ಇದ್ರಲ್ಲ ಅಂತ ನಾವೇ ಬಂದ್ವಿ. ನಿಧಾನವಾಗಿ ಬನ್ನಿ, ಅವಸರ ಬೇಡ.”

ಅವಳ ಮಾತಿನ ಹಿಂದೆ ಯಾರೋ ನಟ್ಟು ತಿರುಗಿಸುವ ಸದ್ದು ಕೇಳುತ್ತಿತ್ತು.