ಅಕ್ಕೋರ ಮೂಲೆ

ದಾನಮ್ಮ ಕಲಿಸುವ ಶಾಲೆಗೆ ಗೋಡೆಗಳಿಲ್ಲ. ಬೇವಿನ ನೆರಳಲ್ಲಿ ಚಾಪೆ ಹಾಸಿದ ಮೂಲೆಗಳಿವೆ, ಮಕ್ಕಳು ಮನಸ್ಸು ಬಂದ ಮೂಲೆಯಲ್ಲಿ ಕೂತು ಕಲಿಯುತ್ತಾರೆ. ಸಂಜೆಯ ಗಂಟೆಯವರೆಗೂ ಯಾರೂ ಕೂರದ ಮೂಲೆಯಲ್ಲಿ ಯಾವುದರ ಪಾಠವಿತ್ತೋ ಅದು ಮರುದಿನ ಲೋಕದಲ್ಲೇ ಇರುವುದಿಲ್ಲ. ಹೋದ ವಾರ ಹಾಗಲಕಾಯಿ ಹೋಯಿತು, ಊರಲ್ಲಿ ಯಾರೂ ಗೊಣಗಲಿಲ್ಲ. ಮೊನ್ನೆ ಗುಬ್ಬಿ ಹೋಯಿತು, ಖಾಲಿ ಗೂಡುಗಳನ್ನು ಗುಡಿಸಿ ಒಲೆಗೆ ಹಾಕಿದರು. ಮಕ್ಕಳನ್ನು ಕರೆದು ಕೂರಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಇಂದು ಬೆಳಿಗ್ಗೆ ಮಕ್ಕಳೇ ಒಂದು ಹೊಸ ಮೂಲೆ ಮಾಡಿದ್ದರು. ಚಾಪೆಯ ಮೇಲೆ ದಾನಮ್ಮನ ಹಳೆಯ ಕನ್ನಡಕ, ಸೀಮೆಸುಣ್ಣದ ಡಬ್ಬಿ, ಅವರೇ ಬರೆದ ಅವಳ ಚಿತ್ರ.

"ಇದು ನಿಮ್ಮ ಮೂಲಿ ನೋಡ್ರಿ ಅಕ್ಕೋರ" ಎಂದು ಹೆಮ್ಮೆಯಿಂದ ತೋರಿಸಿ, ಎಲ್ಲರೂ ಕಪ್ಪೆಮರಿಗಳ ತೊಟ್ಟಿಯಿದ್ದ ಮೂಲೆಯತ್ತ ಓಡಿದರು.

ಬಿಸಿಲು ಇಳಿಯಿತು. ಚಾಪೆ ಖಾಲಿಯೇ ಇತ್ತು. ಇನ್ನೇನು ಗಂಟೆ ಬಾರಿಸಬೇಕು ಎನ್ನುವಾಗ ದಾನಮ್ಮನ ಮೆಚ್ಚಿನ ಹುಡುಗಿ ಕಸ್ತೂರಿ ಬಂದು ಚಾಪೆಯ ಅಂಚಿನಲ್ಲಿ ನಿಂತಳು.

"ಇಲ್ಲಿ ಕುಂದರ್ಲೇನ್ರಿ ಅಕ್ಕೋರ?"

ದಾನಮ್ಮ ಇಷ್ಟು ವರ್ಷ ಎಲ್ಲ ಮಕ್ಕಳಿಗೂ ಹೇಳಿದ್ದನ್ನೇ ಹೇಳಿದಳು. "ನಿನಗ ಮನಸ್ಸ ಬಂದಲ್ಲಿ ಕುಂದರವ್ವ."

ಕಸ್ತೂರಿ ಕನ್ನಡಕವನ್ನು ಎತ್ತಿ ನೋಡಿ, ಮೆಲ್ಲಗೆ ಇದ್ದಲ್ಲೇ ಇಟ್ಟಳು.

"ಇದೆಲ್ಲಾ ನನಗ ಗೊತ್ತೈತ್ರಿ" ಎಂದು ಕಪ್ಪೆಮರಿಗಳ ಕಡೆ ಹೋದಳು.