ಒಪ್ಪತ್ತಿನ ದಿನದ ಸೂಜಿ

"ಊಟ ಈಗಷ್ಟೇ ಮುಗಿಯಿತು, ತಟ್ಟೆ ಖಾಲಿ. ಇನ್ಸುಲಿನ್ ಮಾತ್ರ ಬಾಕಿ," ಎಂದು ಬೆಳಗಿನ ಪಾಳಿಯ ದಾದಿ ಅತಿಯಾ, ಹುಲಿಕುಂಟೆಯ ಪಟಾಲಮ್ಮನ ಹಾಸಿಗೆಯ ಪಕ್ಕದಲ್ಲೇ ನಿಂತು, ಮಧ್ಯಾಹ್ನದ ಪಾಳಿಯ ಅನುಷಾಳಿಗೆ ರೋಗಿಯ ವಿವರ ಒಪ್ಪಿಸಿದಳು. ದಾದಿಯರ ಕೋಣೆಯೊಳಗೆ ನಡೆಯುತ್ತಿದ್ದ ಈ ಒಪ್ಪಿಸುವಿಕೆ ರೋಗಿಯ ಎದುರಿಗೆ ಬಂದು ವಾರವಾಗಿತ್ತು. ಹೊಸ ಪದ್ಧತಿ ಉಳಿಯಬೇಕೋ ಬೇಡವೋ ಎಂದು ನಿರ್ಣಯಿಸಲು ಬಂದಿದ್ದ ಮೇಲ್ವಿಚಾರಕಿ ಶ್ರೀಲತಾ, ಇದು ಬರಿಯ ಕಾಲಹರಣವೆಂದು ಮನದೊಳಗೇ ತೀರ್ಮಾನಿಸಿ, "ಬೇಗ ಆಗಲಿ," ಎಂದರು.

ಅನುಷಾ ಸೂಜಿ ಎತ್ತಿಕೊಂಡಳು. ಪಟಾಲಮ್ಮ ತುಟಿ ಬಿಗಿದು ತೋಳು ಚಾಚಿ, ಮಂಚದ ಕಾಲಬಳಿ ಕುಳಿತಿದ್ದ ಗಂಡ ಕದರಪ್ಪನನ್ನು ಉರಿಗಣ್ಣಿನಿಂದ ನೋಡಿದಳು. ಅವನ ಮೀಸೆಯ ಅಂಚಿನಲ್ಲಿ ಸಾರಿನ ಹನಿಯೊಂದು ಇನ್ನೂ ಆರಿರಲಿಲ್ಲ. ಸ್ಪಿರಿಟ್ಟಿನ ಹತ್ತಿ ಅವಳ ಚರ್ಮವನ್ನು ಸೋಕಿತು.

"ತಡೀರವ್ವಾ!" ಕದರಪ್ಪ ಎದ್ದು ನಿಂತಿದ್ದ. "ಅವ್ಳು ಉಂಡಿಲ್ಲ. ಮುದ್ದೆ ನುಂಗಿದ್ದು ನಾನು. ಇವತ್ತು ಶನಿವಾರ, ನರಸಿಂಹಸ್ವಾಮಿ ಒಪ್ಪತ್ತು. ದೀಪ ಹಚ್ಚೋಗಂಟ ನೀರೂ ಮುಟ್ಟಾಕಿಲ್ಲ. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಇಕ್ಸ್ಕಂಡವ್ಳೆ."

"ಆಣೆ ಮುರ್ದ್ಬುಟ್ಯಲ್ಲೋ, ಹೊಟ್ಟೆಬಾಕ!"

"ಪಾಪ ನಂಗೇ ಬರ್ಲಿ ಬುಡು. ಖಾಲಿ ಹೊಟ್ಟೇಲಿ ಆ ಸೂಜಿ ಹಾಕುದ್ರೆ ಪ್ರಾಣ ಹೋಯ್ತದೆ ಅಂತ ಡಾಕ್ಟ್ರು ಅಂದಿದ್ದು ನೀನೂ ಕೇಳಿಲ್ವಾ?"

ಅನುಷಾ ಸೂಜಿಯನ್ನು ಔಷಧಿಯ ಟ್ರೇಗೆ ಮರಳಿಸಿದಳು. ಅತಿಯಾ ಬಾಯಿಗೆ ಕೈ ಅಡ್ಡವಿಟ್ಟು ನಿಂತಳು. ಶ್ರೀಲತಾ ಪಕ್ಕದ ಸ್ಟೂಲನ್ನು ಎಳೆದುಕೊಂಡು, ಪಟಾಲಮ್ಮನ ಮುಖಕ್ಕೆ ಸಮವಾಗಿ ಕುಳಿತರು.

"ಅವಸರವಿಲ್ಲ ಅಜ್ಜಿ. ಬೆಳಗಿನಿಂದ ಏನೇನಾಯಿತು, ಈಗ ನೀವೇ ಒಪ್ಪಿಸಿ."