ಕೊನೆಯ ಅಂಕಿ

ಮಾದರಿ ಹಡಗಿನ ಮುಂಭಾಗದಲ್ಲಿದ್ದ ಮೊದಲ ಬಿಳಿ ಅಂಕಿಯನ್ನು ಅಯೂಬ್ ಬೂದು ಬಣ್ಣದಿಂದ ಮುಚ್ಚಿದ. ಅಸಲಿ ಹಡಗು ಜಪಾನಿನ ನೌಕಾಪಡೆಯ ಡೆಸ್ಟ್ರಾಯರ್. ಮೊದಲು ಸಮುದ್ರದ ಕಾವಲಿಗೆ, ಹಳತಾದ ಮೇಲೆ ಕೆಡೆಟ್‌ಗಳ ತರಬೇತಿಗೆ ದುಡಿದು ಈ ವಾರ ನಿವೃತ್ತವಾಗಿತ್ತು. ನಿವೃತ್ತವಾದ ಹಡಗಿನ ಬಾವುಟ ಇಳಿಸಿ, ನಂಬರಿನ ಮೇಲೆ ಬಣ್ಣ ಬಳಿಯುತ್ತಾರೆ. ಅಲ್ಲಿ ಆದದ್ದೆಲ್ಲ ಅಮೆರಿಕದ ಮೆಟುಚೆನ್ನಿನ ಈ ಊಟದ ಮೇಜಿನ ಮೇಲೂ ಆಗಬೇಕು ಎಂಬುದು ಅಯೂಬನ ಶಿಸ್ತು.

ಹೆಂಡತಿ ಆರಿಫಾ ತೀರಿಕೊಂಡು ತಿಂಗಳಾಗಿತ್ತು. ಅವನು ಅತ್ತಿರಲಿಲ್ಲ. ಅವಳ ಫೋನ್ ಲೈನ್ ಕ್ಯಾನ್ಸಲ್ ಮಾಡಿಸಿದ್ದ, ಕಾರು ಮಾರಿದ್ದ, ಈಗ ಇದು. ಎರಡನೆಯ ಅಂಕಿ ಹೋಯಿತು. ಮೂರನೆಯದೂ ಹೋಯಿತು.

"ಅಬ್ಬೂ, ಶಿಪ್ ಸಿಂಕ್ ಆಯ್ತಾ?" ಮಗಳು ಆತಿಕಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕೇಳಿದಳು.

"ಇಲ್ಲ ಬೇಟಾ. ಸರ್ವಿಸ್ ಮುಗೀತು, ಅಷ್ಟೆ."

ಅವಳು ಎದ್ದು ಬಂದು, ಉಳಿದಿದ್ದ ಒಂದೇ ಅಂಕಿಯನ್ನು ಬಗ್ಗಿ ನೋಡಿದಳು. "ಈ ಐದು ಅಮ್ಮಿ ಬರೆದಿದ್ದಲ್ವಾ?"

ಐದರ ಬಾಲ ಮೆಹಂದಿಯ ಬಳ್ಳಿಯಂತೆ ಸುರುಳಿ ಸುತ್ತಿತ್ತು. ಅಯೂಬನ ಕೈ ನಡುಗುತ್ತದೆಂದು ನಾಲ್ಕೂ ಅಂಕಿಗಳನ್ನು ಬರೆದುಕೊಟ್ಟವಳು ಆರಿಫಾ. ಊರಿನ ಮದುವೆಮನೆಗಳಲ್ಲಿ ಮೆಹಂದಿ ಹಾಕಿ ಪಳಗಿದ ಕೈ ಅದು. ಯಾವ ನೌಕಾಪಡೆಯೂ ಹೀಗೆ ಬರೆಯಲ್ಲ, ಸರಿಮಾಡು ಎಂದು ಅವನು ಆಗ ರೇಗಿದ್ದ. ಅವಳು ನಕ್ಕು ಹಾಗೇ ಬಿಟ್ಟಿದ್ದಳು.

ಅಯೂಬ್ ಕುಂಚ ಕೆಳಗಿಟ್ಟ. ಹತ್ತಿಯನ್ನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿ, ಮುಚ್ಚಿದ ಅಂಕಿಗಳ ಮೇಲಿನ ಇನ್ನೂ ಒಣಗದ ಬಣ್ಣವನ್ನು ಮೆಲ್ಲಗೆ ಒರೆಸಿದ. ಹತ್ತಿಗೆ ಬೂದು ಬಂತು. ಅದರ ಹಿಂದೆಯೇ ಆರಿಫಾ ಬರೆದ ಬಿಳಿಯೂ ಬಂತು.